ಸೊಲೆನಾಯ್ಡ್ ಬದಲಿಸಿದ ಮೇಲೂ ಮರಳಿ ಬಂದ ಪಿ0011: ಒಂದು ವಿವಿಟಿ ದುರಸ್ತಿಯ ದಾಖಲೆ

ಕಾರಿನದು 1.8 ಲೀಟರ್‌ನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. ಗಾಳಿ ಒಳಬಿಡುವ ವಾಲ್ವ್‌ಗಳನ್ನು ತೆರೆಯುವ ಇನ್‌ಟೇಕ್ ಕ್ಯಾಮ್‌ಶಾಫ್ಟ್‌ಗೆ ಮಾತ್ರ ವಿವಿಟಿ, ಅಂದರೆ ವಾಲ್ವ್ ತೆರೆಯುವ ಸಮಯವನ್ನು ಎಂಜಿನ್ ಓಡುತ್ತಿರುವಾಗಲೇ ಹಿಂದೆ ಮುಂದೆ ಮಾಡುವ ವ್ಯವಸ್ಥೆ ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಸದ್ದಿಲ್ಲದೆ, ಸಮವಾಗಿ ಓಡುತ್ತದೆ. ಚೆನ್ನಾಗಿ ಬಿಸಿಯಾದ ಮೇಲೆ ಹೆದ್ದಾರಿಯ ವೇಗದಲ್ಲಿ ಓಡಿಸಿಕೊಂಡು ಬಂದು ನಿಲ್ಲಿಸಿದಾಗ ಮಾತ್ರ ಐಡಲ್ (ಆಕ್ಸಿಲರೇಟರ್ ಒತ್ತದಿರುವಾಗಿನ ಓಟ) ಅದುರುತ್ತದೆ, ಒಮ್ಮೊಮ್ಮೆ ಎಂಜಿನ್ ಬಂದ್ ಆಗಿಬಿಡುತ್ತದೆ ಎಂಬುದು ದೂರು. ಚೆಕ್ ಎಂಜಿನ್ ದೀಪ ಹತ್ತಿತ್ತು, ಸ್ಕ್ಯಾನರ್‌ನಲ್ಲಿ ಪಿ0011 ಒಂದೇ ಕೋಡ್ ಇತ್ತು. ಇದೇ ಕೋಡ್ ನೋಡಿ ಹಿಂದೊಮ್ಮೆ ಬೇರೆ ಕಡೆ ವಿವಿಟಿ ಸೊಲೆನಾಯ್ಡ್, ಅಂದರೆ ಆ ವ್ಯವಸ್ಥೆಗೆ ಆಯಿಲ್ ಹಂಚುವ ವಿದ್ಯುತ್ ವಾಲ್ವ್ ಬದಲಿಸಲಾಗಿತ್ತು. ಕೆಲಕಾಲ ಎಲ್ಲವೂ ಸರಿಯಿದ್ದು, ಅನಂತರ ಅದೇ ಲಕ್ಷಣ, ಅದೇ ಕೋಡ್ ಮರಳಿ ಬಂದಿತ್ತು.

ಹೊಸ ಭಾಗ ಹಾಕಿದ ಮೇಲೂ ಕೋಡ್ ಮರಳಿದರೆ ಆ ಭಾಗವೇ ಕಳಪೆ ಎಂದು ತೀರ್ಮಾನಿಸಿ ಮತ್ತೊಂದನ್ನು ತರಿಸುವುದು ವಾಡಿಕೆ. ಕೋಡ್ ಏನು ಹೇಳುತ್ತಿದೆ ಎಂಬುದನ್ನು ಮೊದಲು ಸರಿಯಾಗಿ ಓದಿಕೊಂಡರೆ ಆ ಖರ್ಚು ತಪ್ಪುತ್ತದೆ. ಪಿ0010 ಎಂಬುದು ಬ್ಯಾಂಕ್ 1ರ (ಸಿಲಿಂಡರ್‌ಗಳ ಮೊದಲ ಸಾಲಿನ) ಇನ್‌ಟೇಕ್ ಸೊಲೆನಾಯ್ಡ್‌ನ ವಿದ್ಯುತ್ ಸರ್ಕ್ಯೂಟಿಗೆ ಸಂಬಂಧಿಸಿದ ಕೋಡ್: ತಂತಿ ತುಂಡಾಗಿರಬಹುದು, ಶಾರ್ಟ್ ಆಗಿರಬಹುದು, ಸುರುಳಿ ಸುಟ್ಟಿರಬಹುದು. ಪಿ0011 ಹಾಗಲ್ಲ. ಇನ್‌ಟೇಕ್ ಕ್ಯಾಮ್ ಇರಬೇಕಾದ ಕೋನಕ್ಕಿಂತ ಮುಂದೆ ಇದೆ, ಅಂದರೆ ವಾಲ್ವ್ ಬೇಗ ತೆರೆಯುತ್ತಿದೆ, ಹಿಂದೆ ಬರುವಂತೆ ಆಜ್ಞೆ ಕೊಟ್ಟರೂ ಬರುತ್ತಿಲ್ಲ ಎಂದಷ್ಟೇ ಅದು ಹೇಳುತ್ತದೆ. ಪಿ0012 ಇದಕ್ಕೆ ವಿರುದ್ಧ: ಕ್ಯಾಮ್ ಹಿಂದೆಯೇ ಉಳಿದಿದೆ, ಮುಂದೆ ಹೋಗುತ್ತಿಲ್ಲ. ಪಿ0016 ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳ ನಡುವಿನ ಮೂಲ ಹೊಂದಾಣಿಕೆಯೇ ತಪ್ಪಿದೆ ಎಂದರ್ಥ. ಆಗ ಚೈನ್ ಹಿಗ್ಗಿರುವುದು ಅಥವಾ ಹಲ್ಲು ಹಾರಿರುವುದು ಮುಖ್ಯ ಅನುಮಾನವಾಗುತ್ತದೆ. ಎಕ್ಸಾಸ್ಟ್ ಕ್ಯಾಮ್‌ಗೆ ಪಿ0013, ಪಿ0014, ಪಿ0015 ಎಂಬ ಪ್ರತ್ಯೇಕ ಕೋಡ್‌ಗಳಿದ್ದು, ಎರಡನೇ ಬ್ಯಾಂಕಿನ ಇನ್‌ಟೇಕ್ ಕ್ಯಾಮ್‌ಗೆ ಪಿ0020ರಿಂದ ಎಣಿಕೆ ಶುರುವಾಗುತ್ತದೆ. ಪಿ0011ರ ಅರ್ಥ ವಿವರಣೆಯಲ್ಲಿ ಸೊಲೆನಾಯ್ಡ್ ಎಂಬ ಪದವೇ ಇಲ್ಲವೆಂಬುದನ್ನು ಗಮನಿಸಬೇಕು. ಅದು ಕ್ಯಾಮ್‌ನ ಸ್ಥಾನದ ಬಗೆಗಿನ ದೂರೇ ಹೊರತು ಒಂದು ಬಿಡಿಭಾಗದ ಮೇಲಿನ ತೀರ್ಪಲ್ಲ.

ಕ್ಯಾಮ್‌ನ ಸ್ಥಾನ ಯಾವುದರಿಂದೆಲ್ಲ ನಿರ್ಧಾರವಾಗುತ್ತದೆ ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದಿನ ಪ್ರತಿಯೊಂದು ಪರೀಕ್ಷೆಯೂ ಅದರ ಮೇಲೆಯೇ ನಿಂತಿದೆ. ಉತ್ಪಾದನೆಗೆ ಬಂದ ಕಾರುಗಳಲ್ಲಿ 1980ರ ಆಲ್ಫಾ ರೋಮಿಯೊ ಸ್ಪೈಡರ್ ಇಂತಹ ವ್ಯವಸ್ಥೆಯನ್ನು ಮೊದಲು ತಂದಿತು. ಇಂದು ಬಹುತೇಕ ಎಂಜಿನ್‌ಗಳಲ್ಲಿ ಇರುವುದು ಆಯಿಲ್ ಒತ್ತಡದಿಂದ ತಿರುಗುವ ರೆಕ್ಕೆಗಳ ಫೇಸರ್. ಅದರ ಹೊರಕವಚ ಟೈಮಿಂಗ್ ಚೈನ್‌ನ ಸ್ಪ್ರಾಕೆಟ್‌ಗೆ ಅಂಟಿಕೊಂಡಿರುತ್ತದೆ, ಒಳಗಿನ ರೆಕ್ಕೆಗಳಿರುವ ರೋಟರ್ ಕ್ಯಾಮ್‌ಶಾಫ್ಟ್‌ಗೆ ಬಿಗಿಯಾಗಿರುತ್ತದೆ. ಪ್ರತಿ ರೆಕ್ಕೆಯ ಒಂದು ಬದಿಯ ಕೋಣೆಗೆ ಆಯಿಲ್ ತುಂಬಿ ಇನ್ನೊಂದು ಬದಿಯಿಂದ ಹೊರಬಿಟ್ಟರೆ ಕ್ಯಾಮ್ ಮುಂದಕ್ಕೆ ಸರಿಯುತ್ತದೆ, ಅದಲುಬದಲಾದರೆ ಹಿಂದಕ್ಕೆ ಸರಿಯುತ್ತದೆ. ಈ ಹಂಚಿಕೆಯ ಕೆಲಸವನ್ನು ಮಾಡುವುದೇ ವಿವಿಟಿ ಸೊಲೆನಾಯ್ಡ್, ಅಂದರೆ ಆಯಿಲ್ ಕಂಟ್ರೋಲ್ ವಾಲ್ವ್. ಅದರೊಳಗೆ ಒಂದು ಸಿಲಿಂಡರಾಕಾರದ ಸ್ಪೂಲ್ ಕೆಲವೇ ಮಿಲಿಮೀಟರ್ ಜಾರುತ್ತದೆ. ಒಂದು ತುದಿಯಲ್ಲಿ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಿದರೆ ಇನ್ನೊಂದು ತುದಿಯಲ್ಲಿ ವಿದ್ಯುತ್ ಸುರುಳಿ ಮುಂದಕ್ಕೆ ತಳ್ಳುತ್ತದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಸುರುಳಿಗೆ ಸೆಕೆಂಡಿಗೆ ನೂರಾರು ಬಾರಿ ವಿದ್ಯುತ್ ಕೊಟ್ಟು ಕಡಿದು, ಕೊಟ್ಟ ಕಾಲದ ಶೇಕಡಾವಾರನ್ನು, ಅಂದರೆ ಡ್ಯೂಟಿಯನ್ನು ಏರಿಳಿಸುತ್ತ ಸ್ಪೂಲನ್ನು ಬೇಕಾದ ಜಾಗದಲ್ಲಿ ನಿಲ್ಲಿಸುತ್ತದೆ. ಸಾಮಾನ್ಯವಾಗಿ ಶೇ. 50ರ ಆಸುಪಾಸಿನಲ್ಲಿ ಎರಡೂ ದಾರಿಗಳು ಮುಚ್ಚಿಕೊಂಡು ಕ್ಯಾಮ್ ಇದ್ದಲ್ಲೇ ನಿಲ್ಲುತ್ತದೆ.

ಇಲ್ಲಿ ಮರೆಯಬಾರದ ಒಂದು ಅಂಶವಿದೆ. ವಾಲ್ವ್ ಸ್ಪ್ರಿಂಗ್‌ಗಳ ಪ್ರತಿರೋಧ ಮತ್ತು ಬೇರಿಂಗ್‌ಗಳ ಘರ್ಷಣೆ ಕ್ಯಾಮನ್ನು ಸದಾ ಹಿಂದಕ್ಕೆ ಎಳೆಯುತ್ತಿರುತ್ತವೆ. ಆದ್ದರಿಂದ ಆಯಿಲ್ ಒತ್ತಡ ಇಲ್ಲದಿದ್ದಾಗ ಇನ್‌ಟೇಕ್ ಕ್ಯಾಮ್ ತಾನಾಗಿಯೇ ಅತ್ಯಂತ ಹಿಂದಿನ ಸ್ಥಾನಕ್ಕೆ ಬರುತ್ತದೆ, ಅಲ್ಲಿ ಒಂದು ಲಾಕ್ ಪಿನ್ ಅದನ್ನು ಹಿಡಿದುಕೊಳ್ಳುತ್ತದೆ. ಎಂಜಿನ್ ಸ್ಟಾರ್ಟ್ ಆಗುವುದು ಈ ಸ್ಥಾನದಲ್ಲಿಯೇ. ಹೀಗಿರುವಾಗ ಆಯಿಲ್ ಕಡಿಮೆಯಾದರೆ, ಪಂಪ್ ಸವೆದಿದ್ದರೆ ಅಥವಾ ಆಯಿಲ್ ದಾರಿಯ ಜಾಲರಿ ಕಟ್ಟಿಕೊಂಡಿದ್ದರೆ ಕ್ಯಾಮ್ ಮುಂದೆ ಹೋಗಲಾರದೆ ಪಿ0012 ಬರುವ ಸಂಭವವೇ ಹೆಚ್ಚು. ನಮ್ಮದು ಪಿ0011. ಹಿಂದಕ್ಕೆ ಬೀಳುವುದು ಕ್ಯಾಮ್‌ಗೆ ಸಹಜವಾಗಿದ್ದರೂ ಅದು ಬೀಳುತ್ತಿಲ್ಲವೆಂದರೆ ಯಾವುದೋ ಒಂದು ಅದನ್ನು ಹಿಡಿದು ನಿಲ್ಲಿಸಿದೆ.

ಸ್ಪ್ಯಾನರ್ ಹಿಡಿಯುವ ಮೊದಲು ಫ್ರೀಜ್ ಫ್ರೇಮ್ (ಕೋಡ್ ಬಿದ್ದ ಕ್ಷಣದ ಅಳತೆಗಳ ದಾಖಲೆ) ಬರೆದಿಟ್ಟುಕೊಂಡೆ, ಏಕೆಂದರೆ ಕೋಡ್ ಅಳಿಸಿದರೆ ಅದೂ ಅಳಿದುಹೋಗುತ್ತದೆ. ಕೋಡ್ ದಾಖಲಾದ ಗಳಿಗೆಯಲ್ಲಿ ಕೂಲೆಂಟ್ 91 ಡಿಗ್ರಿ ಸೆಲ್ಸಿಯಸ್, ಎಂಜಿನ್ ವೇಗ 1,150 ಆರ್‌ಪಿಎಂ, ಕಾರು ನಿಧಾನವಾಗುತ್ತಿತ್ತು. ದೂರಿಗೂ ಇದಕ್ಕೂ ಪೂರ್ತಿ ಹೊಂದಿಕೆಯಿದೆ. ತಣ್ಣಗಿನ ಎಂಜಿನ್‌ನಲ್ಲಿ ತೊಂದರೆ ಕಾಣದಿರುವುದಕ್ಕೂ ಇದರಿಂದಲೇ ಸುಳಿವು ಸಿಗುತ್ತದೆ. ಹಲವು ಎಂಜಿನ್‌ಗಳಲ್ಲಿ ಕೂಲೆಂಟ್ ಒಂದು ಮಟ್ಟಕ್ಕೆ ಬಿಸಿಯಾಗುವ ತನಕ ಇಸಿಯು ಫೇಸರನ್ನು ಅಲುಗಿಸುವುದೇ ಇಲ್ಲ. ಸ್ಪೂಲ್ ಚಲಿಸದಿದ್ದಾಗ ಅದು ಸಿಕ್ಕಿಕೊಳ್ಳುವ ಪ್ರಶ್ನೆಯೂ ಏಳುವುದಿಲ್ಲ. ಚೈನ್ ಹಲ್ಲು ಹಾರಿದ್ದರೆ ತಣ್ಣಗಿರುವಾಗಲೂ ಕೋನ ತಪ್ಪಾಗಿಯೇ ಇರುತ್ತಿತ್ತು.

ಅನಂತರ ಆಯಿಲ್ ಕಡ್ಡಿ ನೋಡಿದೆ. ಮಟ್ಟ ಸರಿಯಿತ್ತು. ಬಣ್ಣ ಕಂದಾಗಿತ್ತಾದರೂ ಕಡ್ಡಿಯ ಮೇಲೆ ಗಸಿ ಅಂಟಿರಲಿಲ್ಲ. ಆಯಿಲ್ ತುಂಬುವ ಮುಚ್ಚಳದ ಒಳಗೂ ಕಪ್ಪು ಜಿಡ್ಡು ಕಟ್ಟಿರಲಿಲ್ಲ. ಕೊನೆಯ ಬಾರಿ ತುಂಬಿದ್ದು ಮ್ಯಾನುಯಲ್ ಹೇಳುವ 5ಡಬ್ಲ್ಯೂ-30. ಈ ಮೂರನ್ನು ನೋಡದೆ ಮುಂದೆ ಹೋಗುವ ವಿವಿಟಿ ತಪಾಸಣೆಗೆ ಅರ್ಥವಿಲ್ಲ. ಈ ವ್ಯವಸ್ಥೆಯಲ್ಲಿ ಆಯಿಲ್‌ನ ಕೆಲಸ ಎಂಜಿನ್ ಸವೆಯದಂತೆ ಕಾಯುವುದಷ್ಟೇ ಅಲ್ಲ, ಕ್ಯಾಮನ್ನು ತಿರುಗಿಸುವ ಬಲವೂ ಅದೇ. ಅದರ ಮಂದತ್ವ ಬದಲಾದರೆ ಫೇಸರ್‌ನ ವೇಗವೂ ಬದಲಾಗುತ್ತದೆ.

ವಿದ್ಯುತ್ ಭಾಗದ ಪರೀಕ್ಷೆಯನ್ನು ಎಂಜಿನ್ ತಣ್ಣಗಿರುವಾಗಲೇ ಮುಗಿಸಿದೆ. ಕನೆಕ್ಟರ್ ಕಳಚಿ ಸೊಲೆನಾಯ್ಡ್‌ನ ಎರಡು ಪಿನ್‌ಗಳ ನಡುವೆ ಅಳೆದಾಗ ಮಲ್ಟಿಮೀಟರ್ 7.4 ಓಮ್ ತೋರಿಸಿತು. ಈ ಎಂಜಿನ್‌ಗೆ ಮ್ಯಾನುಯಲ್ ಕೊಡುವ ಮಿತಿ 20 ಡಿಗ್ರಿಯಲ್ಲಿ 6.9ರಿಂದ 7.9 ಓಮ್. ಬೇರೆ ಎಂಜಿನ್‌ಗಳಲ್ಲಿ ಈ ಅಂಕಿ ಬೇರೆ ಇರುತ್ತದೆ, ಆದ್ದರಿಂದ ಆಯಾ ಎಂಜಿನ್‌ನ ಮ್ಯಾನುಯಲ್ ನೋಡಿಯೇ ಹೋಲಿಸಬೇಕು. ಬಿಸಿ ಎಂಜಿನ್‌ನಲ್ಲಿ ಅಳೆದು ಗಾಬರಿಯಾಗುವವರನ್ನು ನೋಡಿದ್ದೇನೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.39ರಷ್ಟು ಏರುತ್ತದೆ, 20 ಡಿಗ್ರಿಯಲ್ಲಿ 7.4 ಓಮ್ ಇರುವ ಇದೇ ಸುರುಳಿ 90 ಡಿಗ್ರಿಯಲ್ಲಿ 9.4 ಓಮ್ ಆಸುಪಾಸು ತೋರಿಸುವುದು ಸಹಜ, ಅದು ದೋಷವಲ್ಲ. ಎರಡೂ ಪಿನ್‌ಗಳಿಂದ ಲೋಹದ ಕವಚಕ್ಕೆ ಸಂಪರ್ಕ ಇರಬಾರದು, ಇರಲಿಲ್ಲ.

ಕನೆಕ್ಟರ್‌ನ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಕೆಲವು ಸೊಲೆನಾಯ್ಡ್‌ಗಳಲ್ಲಿ ಒಳಗಿನ ಸೀಲ್ ಹೋಗಿ ಆಯಿಲ್ ಪಿನ್‌ಗಳ ಬಳಿ ಜಿನುಗುತ್ತದೆ. ಅದು ಅಲ್ಲಿಗೇ ನಿಲ್ಲದೆ ತಂತಿಯ ಎಳೆಗಳ ನಡುವೆ ಹೀರಿಕೊಂಡು ದೂರದ ಕನೆಕ್ಟರ್‌ಗಳವರೆಗೆ ಸಾಗಿದ ಉದಾಹರಣೆಗಳೂ ಉಂಟು. ಇಲ್ಲಿ ಪಿನ್‌ಗಳು ಒಣಗಿದ್ದವು, ಹಿಡಿತವೂ ಬಿಗಿಯಾಗಿತ್ತು.

ಈ ಕಾರಿನಲ್ಲಿ ಒಂದು ಪಿನ್‌ಗೆ ರಿಲೇ ಮೂಲಕ ಬ್ಯಾಟರಿ ವೋಲ್ಟೇಜ್ ಬರುತ್ತದೆ, ಇನ್ನೊಂದನ್ನು ಇಸಿಯು ಅರ್ತ್‌ಗೆ ಜೋಡಿಸುತ್ತ ಬಿಡಿಸುತ್ತ ಇರುತ್ತದೆ. ಎರಡೂ ತಂತಿಗಳನ್ನು ಇಸಿಯುವೇ ನಿಯಂತ್ರಿಸುವ ಕಾರುಗಳೂ ಇವೆ; ವೈರಿಂಗ್ ನಕ್ಷೆ ನೋಡದೆ ಪ್ರೋಬ್ ಚುಚ್ಚಬಾರದು. ಬ್ಯಾಟರಿ ವೋಲ್ಟೇಜ್ ಬರುವ ಪಿನ್ನಿನಲ್ಲಿ ಬರೀ ಮೀಟರ್ ಇಟ್ಟರೆ ಒಂದೇ ಎಳೆ ಉಳಿದಿರುವ ತಂತಿಯೂ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಹಾಗಾಗಿ ಆ ಪಿನ್‌ಗೂ ಬ್ಯಾಟರಿಯ ಋಣ ತುದಿಗೂ ನಡುವೆ 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಜೋಡಿಸಿದೆ. 12 ವೋಲ್ಟ್‌ನಲ್ಲಿ ಅದು ಎಳೆಯುವ ಕರೆಂಟ್ ಸುಮಾರು 1.75 ಆಂಪಿಯರ್, 7.4 ಓಮ್‌ನ ಸೊಲೆನಾಯ್ಡ್ ಎಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಬಲ್ಬ್ ಉಜ್ವಲವಾಗಿ ಉರಿಯಿತು, ಉರಿಯುವಾಗ ಪಿನ್ನಿನ ವೋಲ್ಟೇಜ್ ಬ್ಯಾಟರಿಗಿಂತ 0.2 ವೋಲ್ಟ್ ಮಾತ್ರ ಕೆಳಗಿತ್ತು. ಈ ಬಲ್ಬನ್ನು ಇಸಿಯು ಕಡೆಯ ತಂತಿಗೆ ಜೋಡಿಸಬಾರದೆಂದು ಎಚ್ಚರಿಸಬೇಕು, ಏಕೆಂದರೆ ತಣ್ಣಗಿರುವ ತಂತು ಹೊತ್ತಿಕೊಳ್ಳುವ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ, ಅದು ಇಸಿಯುವಿನ ಡ್ರೈವರ್‌ಗೆ ಒಳ್ಳೆಯದಲ್ಲ.

ವಿದ್ಯುತ್ ಕಡೆ ಎಲ್ಲ ಸರಿಯಿದೆ ಎಂದಾದ ಮೇಲೆ ಎಂಜಿನ್ ಬಿಸಿ ಮಾಡಿ, ಸ್ಕ್ಯಾನರ್‌ನಲ್ಲಿ ಮೂರೇ ಸಾಲು ಇಟ್ಟುಕೊಂಡು ಓಡಿಸಿದೆ: ಇಸಿಯು ಬಯಸುವ ಕೋನ, ನಿಜವಾದ ಕೋನ, ಡ್ಯೂಟಿ. ಸ್ಕ್ಯಾನರ್‌ನಲ್ಲಿ ಹತ್ತಾರು ಸಾಲುಗಳನ್ನು ಒಟ್ಟಿಗೆ ತೆರೆದರೆ ಪ್ರತಿಯೊಂದೂ ನಿಧಾನವಾಗಿ ಬದಲಾಗುತ್ತದೆ. ಮೂರನ್ನೇ ಇಟ್ಟರೆ ಕ್ಯಾಮ್‌ನ ಚಲನೆ ಕಣ್ಣಿಗೆ ಕಾಣುವಷ್ಟು ವೇಗವಾಗಿ ಬರುತ್ತದೆ. ಐಡಲ್‌ನಲ್ಲಿ ಬಯಕೆ 0, ನಿಜ 0. ಎಂಜಿನ್ ವೇಗ 2,500ಕ್ಕೆ ಏರಿ ಭಾರ ಬಿದ್ದಾಗ ಬಯಕೆ 30 ಡಿಗ್ರಿಯಾಯಿತು, ನಿಜವಾದ ಕೋನ ತಡಮಾಡದೆ ಅಲ್ಲಿಗೆ ಹೋಗಿ ನಿಂತಿತು. ಮುಂದಕ್ಕೆ ಹೋಗುವ ಚಲನೆಯಲ್ಲಿ ಯಾವ ಕುಂದೂ ಇರಲಿಲ್ಲ; ಅಂದರೆ ಒತ್ತಡ ಸಾಕಷ್ಟಿದೆ, ಫೇಸರ್ ತಿರುಗುತ್ತಿದೆ, ಲಾಕ್ ಪಿನ್ ಬಿಡುತ್ತಿದೆ. ಕೆಲವು ಸಲ ಹೀಗೆ ಹೋಗಿ ಬಂದಮೇಲೆ ಒಮ್ಮೆ, ಆಕ್ಸಿಲರೇಟರ್ ಬಿಟ್ಟಾಗ, ಬಯಕೆ 0ಗೆ ಇಳಿಯಿತು, ಡ್ಯೂಟಿ ಕನಿಷ್ಠಕ್ಕೆ ಇಳಿಯಿತು, ನಿಜವಾದ ಕೋನ ಮಾತ್ರ 27 ಡಿಗ್ರಿಯಲ್ಲಿ ಕೂತುಬಿಟ್ಟಿತು. ಕಾರು ನಿಂತಿತು, ಐಡಲ್ ಅದುರತೊಡಗಿತು.

ಅದುರುವಿಕೆಗೆ ಕಾರಣ ಸರಳವಾದದ್ದು. ಇನ್‌ಟೇಕ್ ವಾಲ್ವ್ ಇಷ್ಟು ಮುಂಚೆ ತೆರೆದರೆ ಎಕ್ಸಾಸ್ಟ್ ವಾಲ್ವ್ ಇನ್ನೂ ಮುಚ್ಚಿರುವುದಿಲ್ಲ. ಎರಡೂ ಒಟ್ಟಿಗೆ ತೆರೆದಿರುವ ಅವಧಿಯಲ್ಲಿ, ಐಡಲ್‌ನ ಬಲವಾದ ನಿರ್ವಾತಕ್ಕೆ ಸಿಕ್ಕ ಸುಟ್ಟ ಅನಿಲ ಇನ್‌ಟೇಕ್ ಕಡೆಗೆ ಮರಳಿ ಹೊಸ ಮಿಶ್ರಣವನ್ನು ತೆಳುವಾಗಿಸುತ್ತದೆ. ಹೆಚ್ಚಿನ ಭಾರದಲ್ಲಿ ಇದೇ ಸ್ಥಿತಿ ಎಂಜಿನ್‌ಗೆ ಸಹಾಯಕವಾಗಬಲ್ಲುದು, ಐಡಲ್‌ನಲ್ಲಿ ಮಾತ್ರ ಅದು ಉಸಿರುಗಟ್ಟಿಸುತ್ತದೆ. ಇಂತಹ ಅದುರುವಿಕೆ ನೋಡಿ ಪ್ಲಗ್, ಕಾಯಿಲ್, ಇಂಜೆಕ್ಟರ್‌ಗಳ ಬೆನ್ನು ಹತ್ತುವುದುಂಟು. ಕ್ಯಾಮ್‌ನ ಕೋನ ಒಮ್ಮೆ ನೋಡಿದ್ದರೆ ಆ ಶ್ರಮ ಉಳಿಯುತ್ತದೆ.

ಎಂಜಿನ್ ಬಂದ್ ಮಾಡದೆ, ಅದುರುತ್ತಿರುವಾಗಲೇ ಬಾನೆಟ್ ತೆರೆದು ಸೊಲೆನಾಯ್ಡ್‌ನ ಪ್ಲಗ್ ಕಿತ್ತೆ. ಇಸಿಯುವಿನ ಡ್ರೈವರ್ ಶಾರ್ಟ್ ಆಗಿ ಸುರುಳಿಗೆ ಬೇಡದ ವಿದ್ಯುತ್ ಹೋಗುತ್ತಿದ್ದರೆ, ಪ್ಲಗ್ ಕಿತ್ತ ತಕ್ಷಣ ಸ್ಪ್ರಿಂಗ್ ಸ್ಪೂಲನ್ನು ಹಿಂದಕ್ಕೆ ತಳ್ಳಿ ಎಂಜಿನ್ ಸಮವಾಗಬೇಕಿತ್ತು. ಏನೂ ಬದಲಾಗಲಿಲ್ಲ. ವಿದ್ಯುತ್ ಪೂರ್ತಿ ಕಡಿದ ಮೇಲೂ ಕ್ಯಾಮ್ 27 ಡಿಗ್ರಿಯಲ್ಲೇ ನಿಂತಿತ್ತೆಂದರೆ ತಂತಿ, ರಿಲೇ, ಇಸಿಯು ಮೂರನ್ನೂ ಒಂದೇ ಪರೀಕ್ಷೆಯಲ್ಲಿ ಪಟ್ಟಿಯಿಂದ ತೆಗೆದುಹಾಕಬಹುದು. ಇಷ್ಟು ಅಗ್ಗದ, ಇಷ್ಟು ಖಚಿತವಾದ ಪರೀಕ್ಷೆ ಈ ಕೆಲಸದಲ್ಲಿ ಇನ್ನೊಂದಿಲ್ಲ. ದೋಷ ಕಾಣಿಸಿಕೊಂಡಿರುವ ಹೊತ್ತಿನಲ್ಲೇ ಮಾಡಬೇಕೆಂಬುದೊಂದೇ ಅದರ ಷರತ್ತು. ಹೀಗೆ ಕಿತ್ತಾಗ ಪಿ0010 ಹೊಸದಾಗಿ ದಾಖಲಾಗುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ.

ಉಳಿದದ್ದು ಎರಡು: ಸ್ಪೂಲ್ ಅಥವಾ ಫೇಸರ್. ಪ್ಲಗ್ ಕಿತ್ತ ಸ್ಥಿತಿಯಲ್ಲೇ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಸೊಲೆನಾಯ್ಡ್‌ನ ಕವಚವನ್ನು ಹಗುರವಾಗಿ ತಟ್ಟಿದೆ. ಒಂದೆರಡು ತಟ್ಟಿಗೆ ಒಳಗೆ ಏನೋ ಜಾರಿದಂತಾಗಿ ಎಂಜಿನ್ ಸಮಸ್ಥಿತಿಗೆ ಬಂತು, ಸ್ಕ್ಯಾನರ್‌ನಲ್ಲಿ 27 ಇದ್ದ ಅಂಕಿ ನೇರವಾಗಿ 0ಗೆ ಇಳಿಯಿತು. ಫೇಸರೇ ಕಚ್ಚಿಕೊಂಡಿದ್ದರೆ ಸೊಲೆನಾಯ್ಡ್‌ಗೆ ತಟ್ಟಿದ್ದರಿಂದ ಅದು ಬಿಡುತ್ತಿರಲಿಲ್ಲ. ಎಕ್ಸಾಸ್ಟ್ ಕಡೆಗೂ ವಿವಿಟಿ ಇರುವ ಎಂಜಿನ್ ಆಗಿದ್ದು, ಎರಡೂ ಸೊಲೆನಾಯ್ಡ್‌ಗಳ ಭಾಗಸಂಖ್ಯೆ ಒಂದೇ ಆಗಿದ್ದರೆ ಅದಲುಬದಲು ಮಾಡಿ ದೋಷ ಜೊತೆಗೇ ಹೋಗುತ್ತದೆಯೇ ಎಂದು ನೋಡಬಹುದಿತ್ತು; ಈ ಎಂಜಿನ್‌ನಲ್ಲಿ ಆ ಸೌಲಭ್ಯವಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಹಿಂದಿನವರು ಬಂದ ತೀರ್ಮಾನಕ್ಕೇ ನಾನೂ ಬಂದಂತಾಗುತ್ತಿತ್ತು. ಸ್ಪೂಲ್ ಸಿಕ್ಕಿಕೊಳ್ಳುತ್ತಿದೆ ಎಂಬುದು ನಿಜ. ಆದರೆ ಹೊಸ ಸ್ಪೂಲ್ ಇಷ್ಟು ಬೇಗ ಏಕೆ ಸಿಕ್ಕಿಕೊಂಡಿತು ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಮೂರನೆಯದೂ ಅದೇ ದಾರಿ ಹಿಡಿಯುತ್ತದೆ.

ಎಂಜಿನ್ ತಣಿದ ಮೇಲೆ ಸೊಲೆನಾಯ್ಡ್ ಬಿಚ್ಚಿದೆ. ಒಂದೇ ಬೋಲ್ಟ್, 10 ಮಿಲಿಮೀಟರ್ ತಲೆ. ಸುತ್ತಲಿನ ದೂಳನ್ನು ಮೊದಲೇ ಗಾಳಿ ಹೊಡೆದು ತೆಗೆಯಬೇಕು, ಏಕೆಂದರೆ ರಂಧ್ರದ ಬಾಯಿಯಲ್ಲಿರುವ ಒಂದು ಮರಳಿನ ಕಣ ಒಳಗೆ ಬಿದ್ದರೂ ಅದು ಇದೇ ಸ್ಪೂಲಿಗೆ ಬಂದು ಸೇರುತ್ತದೆ. ಓ-ರಿಂಗ್ ಹಿಡಿದುಕೊಂಡಿರುವುದರಿಂದ ಸೊಲೆನಾಯ್ಡ್ ನೇರವಾಗಿ ಬರುವುದಿಲ್ಲ. ಎಡಕ್ಕೂ ಬಲಕ್ಕೂ ತಿರುಗಿಸುತ್ತ ಹೊರಗೆಳೆಯಬೇಕು, ಕನೆಕ್ಟರ್‌ನ ಪ್ಲಾಸ್ಟಿಕ್ ಹಿಡಿದು ಎಳೆದರೆ ಅದು ಮುರಿಯುತ್ತದೆ.

ಬಿಳಿ ಬಟ್ಟೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಕವಚದ ಸುತ್ತ ಆಯಿಲ್ ಕಿಂಡಿಗಳಿದ್ದು, ಒತ್ತಡದ ಆಯಿಲ್ ಒಳಬರುವ ಕಿಂಡಿಯನ್ನು ಕೂದಲಿನಷ್ಟು ತೆಳುವಾದ ಉಕ್ಕಿನ ಜಾಲರಿಯ ಪಟ್ಟಿ ಸುತ್ತುವರಿದಿದೆ. ಆ ಜಾಲರಿಯ ಮೇಲೆ ಬೂದು ಬಣ್ಣದ ರಬ್ಬರಿನಂತಹ ಚೂರುಗಳು ಅಂಟಿದ್ದವು. ಉಗುರಿನಿಂದ ಒತ್ತಿದರೆ ಹಿಗ್ಗುತ್ತಿದ್ದವು, ಪುಡಿಯಾಗುತ್ತಿರಲಿಲ್ಲ. ಆಯಿಲ್ ಸುಟ್ಟು ಆಗುವ ಕಿಟ್ಟ ಕಪ್ಪಗಿರುತ್ತದೆ, ಒತ್ತಿದರೆ ಪುಡಿಯಾಗುತ್ತದೆ. ಚೈನ್ ಅಥವಾ ಬೇರಿಂಗ್ ಸವೆದು ಬಂದ ಲೋಹವಾಗಿದ್ದರೆ ಹೊಳೆಯುತ್ತದೆ, ಕಬ್ಬಿಣವಾದರೆ ಅಯಸ್ಕಾಂತಕ್ಕೆ ಅಂಟುತ್ತದೆ. ಇದು ಎರಡೂ ಅಲ್ಲ. ಗ್ಯಾಸ್ಕೆಟ್ ಬದಲಿಗೆ ಹಚ್ಚುವ ಸಿಲಿಕೋನ್. ಜಾಲರಿಯ ಎರಡು ತುದಿಗಳು ಕೂಡುವಲ್ಲಿ ಸಣ್ಣ ಬಿರುಕು ತೆರೆದುಕೊಂಡಿತ್ತು. ಕಿಂಡಿಯ ಮೂಲಕ ಬೆಳಕು ಬಿಟ್ಟು ನೋಡಿದಾಗ ಸ್ಪೂಲಿನ ಅಂಚಿಗೂ ಕವಚಕ್ಕೂ ನಡುವೆ ಅದೇ ಬೂದು ಬಣ್ಣದ ಒಂದು ಎಳೆ, ಬಾಗಿಲ ಸಂದಿಗೆ ಸಿಕ್ಕ ಸೆರಗಿನಂತೆ ಕಚ್ಚಿಕೊಂಡಿತ್ತು.

ಕಾರಿನ ಹಳೆಯ ಸರ್ವಿಸ್ ಬಿಲ್ಲುಗಳನ್ನು ತರಿಸಿ ನೋಡಿದಾಗ ಕೊಂಡಿ ಕೂಡಿತು. ಮೊದಲ ಬಾರಿ ಕೋಡ್ ಬರುವುದಕ್ಕೆ ಸ್ವಲ್ಪ ಮುಂಚೆ, ಆಯಿಲ್ ಜಿನುಗುತ್ತಿದೆ ಎಂದು ಟೈಮಿಂಗ್ ಕವರ್ ಬಿಚ್ಚಿ ಹೊಸ ಸೀಲಂಟ್ ಹಚ್ಚಿ ಕೂರಿಸಲಾಗಿತ್ತು. ಈ ಎಂಜಿನ್‌ನಲ್ಲಿ ಸೊಲೆನಾಯ್ಡ್‌ಗೆ ಹೋಗುವ ಆಯಿಲ್ ದಾರಿ ಆ ಕವರ್ ಮತ್ತು ಹೆಡ್‌ನ ಜೋಡಣೆಯನ್ನು ಹಾದುಹೋಗುತ್ತದೆ, ಅದೂ ಆಯಿಲ್ ಫಿಲ್ಟರ್ ದಾಟಿದ ಮೇಲೆ. ಬೇಕಾದದ್ದಕ್ಕಿಂತ ದಪ್ಪವಾಗಿ ಹಚ್ಚಿದ ಸಿಲಿಕೋನ್ ಕವರ್ ಬಿಗಿಯುವಾಗ ಒಳಗಡೆಯೂ ಉಬ್ಬಿ ಬರುತ್ತದೆ; ಆ ಅಂಚನ್ನು ಬಿಸಿ ಆಯಿಲ್ ಚೂರುಚೂರಾಗಿ ಕಿತ್ತು ಮುಂದಕ್ಕೆ ಒಯ್ಯುತ್ತದೆ. ಫಿಲ್ಟರ್ ಹಿಂದೆಯೇ ಉಳಿದಿರುವುದರಿಂದ ಇವುಗಳನ್ನು ತಡೆಯಲು ಸೊಲೆನಾಯ್ಡ್‌ನ ಜಾಲರಿಯೊಂದೇ ಇರುವುದು. ಹೊಸ ಸೊಲೆನಾಯ್ಡ್ ಹಾಕಿದಾಗ ಕೆಲಕಾಲ ಸರಿಹೋದದ್ದು ಏಕೆ, ಅನಂತರ ಕೆಟ್ಟದ್ದು ಏಕೆ ಎಂಬ ಎರಡಕ್ಕೂ ಇದು ಉತ್ತರ.

ದುರಸ್ತಿಗೆ ಕವರನ್ನು ಮತ್ತೆ ಬಿಚ್ಚದೆ ದಾರಿಯಿರಲಿಲ್ಲ. ಅದು ದೊಡ್ಡ ಕೆಲಸ, ಆದರೆ ವಿವರಿಸಲು ಹೆಚ್ಚೇನಿಲ್ಲ: ಬೆಲ್ಟ್, ಎಂಜಿನ್ ಮೌಂಟ್, ಕ್ರ್ಯಾಂಕ್ ಪುಲ್ಲಿ, ಕವರ್ ಎಂಬ ಕ್ರಮದಲ್ಲಿ ಮ್ಯಾನುಯಲ್ ಹೇಳಿದಂತೆ ಬಿಚ್ಚಿದೆ. ಆಯಿಲ್ ದಾರಿಯ ಬಾಯಿಯ ಸುತ್ತ ಸಿಲಿಕೋನ್ ತುಟಿಯಂತೆ ಒಳಗೆ ಚಾಚಿಕೊಂಡಿತ್ತು, ಅದರ ಒಂದು ಬದಿ ಹರಿದು ಹೋಗಿತ್ತು. ಪ್ಲಾಸ್ಟಿಕ್ ಹೆರೆಯುವ ಅಲಗಿನಿಂದ ಎರಡೂ ಮುಖಗಳನ್ನು ಕೆರೆದೆ. ಅಲ್ಯೂಮಿನಿಯಂ ಮೇಲೆ ಉಕ್ಕಿನ ಅಲಗು ಅಥವಾ ಉಜ್ಜುವ ಡಿಸ್ಕ್ ಬಳಸಿದರೆ ಗೀರು ಬೀಳುವುದಲ್ಲದೆ ಡಿಸ್ಕಿನ ಕಣಗಳು ಆಯಿಲ್‌ಗೆ ಸೇರಿ ಬೇರಿಂಗ್‌ಗಳನ್ನೇ ತಿನ್ನುತ್ತವೆ. ಕೆರೆಯುವಾಗ ದಾರಿಯ ಬಾಯಿಗಳನ್ನು ಬಟ್ಟೆಯಿಂದ ಮುಚ್ಚಿದ್ದೆ. ಅನಂತರ ದಾರಿಯ ಒಂದು ತುದಿಯಿಂದ ಗಾಳಿ ಬಿಟ್ಟು ಇನ್ನೊಂದು ತುದಿಯಲ್ಲಿ ಬಟ್ಟೆ ಹಿಡಿದು, ಬಟ್ಟೆ ಸ್ವಚ್ಛವಾಗಿ ಬರುವ ತನಕ ಊದಿದೆ.

ಕವರ್ ತೆಗೆದಿದ್ದರಿಂದ ಚೈನ್ ಮತ್ತು ಫೇಸರನ್ನೂ ನೋಡಲು ಅವಕಾಶವಾಯಿತು. ಟೈಮಿಂಗ್ ಗುರುತುಗಳು ಕೂಡುತ್ತಿದ್ದವು, ಟೆನ್ಷನರ್ ಮಿತಿಯೊಳಗೇ ಚಾಚಿತ್ತು. ಫೇಸರ್ ಪರೀಕ್ಷೆಗೆ ಕ್ಯಾಮ್ ಜರ್ನಲ್‌ನ ಆಯಿಲ್ ಕಿಂಡಿಗಳಲ್ಲಿ ಮ್ಯಾನುಯಲ್ ಸೂಚಿಸಿದವನ್ನು ಟೇಪಿನಿಂದ ಮುಚ್ಚಿ, ಮುಂದಕ್ಕೆ ಸರಿಸುವ ಕಿಂಡಿಗೆ ಸುಮಾರು 1.5 ಬಾರ್ ಗಾಳಿ ಕೊಟ್ಟಾಗ ಲಾಕ್ ಪಿನ್ ಬಿಟ್ಟು ಫೇಸರ್ ಕೈಯಲ್ಲಿ ಅಡ್ಡಿಯಿಲ್ಲದೆ ತಿರುಗಿತು, ಹಿಂದಕ್ಕೆ ತಂದಾಗ ಮತ್ತೆ ಲಾಕ್ ಆಯಿತು. ಈ ಪರೀಕ್ಷೆಯಲ್ಲಿ ಆಯಿಲ್ ಎಗರುವುದು ಖಚಿತ. ಕನ್ನಡಕ ಹಾಕಿಕೊಂಡು, ಬಟ್ಟೆ ಸುತ್ತಿಕೊಂಡೇ ಮಾಡಬೇಕು. ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ಸೆಕೆಂಡ್ ಕಟಕಟ ಸದ್ದು ಬರುವ ಎಂಜಿನ್ ಆಗಿದ್ದರೆ ಲಾಕ್ ಪಿನ್ ಸವೆದಿರುವ ಅನುಮಾನದಿಂದ ಈ ಹಂತದಲ್ಲೇ ಫೇಸರ್ ಬದಲಿಸುವುದು ಲೇಸು. ಇಲ್ಲಿ ಅಂತಹ ಸದ್ದು ಇರಲಿಲ್ಲ.

ಹೊಸ ಸೀಲಂಟನ್ನು ಮ್ಯಾನುಯಲ್ ಹೇಳಿದ ದಪ್ಪಕ್ಕೆ, ಆಯಿಲ್ ದಾರಿಯ ಅಂಚಿನಿಂದ ಸ್ವಲ್ಪ ದೂರದಲ್ಲಿ ಸಣ್ಣ ಗೆರೆಯಾಗಿ ಎಳೆದು, ದಾರಿಗೆ ಇರುವ ಪ್ರತ್ಯೇಕ ಓ-ರಿಂಗನ್ನು ಹೊಸದು ಹಾಕಿ ಕವರ್ ಕೂರಿಸಿದೆ. ಸೀಲಂಟ್ ಒಣಗುವ ಮುನ್ನ ಆಯಿಲ್ ತುಂಬಿ ಸ್ಟಾರ್ಟ್ ಮಾಡುವ ಅವಸರವೇ ಇಂತಹ ಚೂರುಗಳನ್ನು ಹುಟ್ಟಿಸುವುದರಿಂದ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಪೂರ್ತಿ ಬಿಟ್ಟೆ. ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಕೂಡ ಇಳಿಸಿ ಪಂಪಿನ ಸ್ಟ್ರೈನರ್ ಜಾಲರಿ ನೋಡಿದೆ. ಅಲ್ಲಿಯೂ ಕೆಲವು ಚೂರುಗಳಿದ್ದವು, ದಾರಿ ಕಟ್ಟುವಷ್ಟಿರಲಿಲ್ಲ.

ಸೊಲೆನಾಯ್ಡನ್ನು ತೊಳೆದು ಮರಳಿ ಹಾಕಬಹುದೇ ಎಂಬ ಪ್ರಶ್ನೆ ಸದಾ ಬರುತ್ತದೆ. ಕಿಟ್ಟದಿಂದ ಸಿಕ್ಕಿಕೊಂಡದ್ದಾದರೆ, ಜಾಲರಿ ಗಟ್ಟಿಯಿದ್ದರೆ, ತೊಳೆದ ಮೇಲೆ ಸ್ಪೂಲ್ ಪೂರ್ತಿ ಜಾರಿ ಪೂರ್ತಿ ಮರಳುತ್ತಿದ್ದರೆ ಹಾಕಬಹುದು. ಪರೀಕ್ಷಿಸಲು ಬ್ಯಾಟರಿಯ ವಿದ್ಯುತ್ತನ್ನು ಒಂದೆರಡು ಸೆಕೆಂಡಿನ ಮಟ್ಟಿಗೆ ಕೊಟ್ಟು ತೆಗೆಯಬೇಕು. ಸ್ಪೂಲ್ ಟಕ್ಕೆಂದು ಹೋಗಿ ಟಕ್ಕೆಂದು ಮರಳಬೇಕು. ಹೆಚ್ಚು ಹೊತ್ತು ಹಿಡಿದರೆ ಸುರುಳಿ ಸುಡುತ್ತದೆ. ಸದ್ದು ಕೇಳಿದ್ದಷ್ಟೇ ಸಾಕಾಗುವುದಿಲ್ಲ, ಕಿಂಡಿಯಲ್ಲಿ ಸ್ಪೂಲಿನ ಅಂಚು ಪೂರ್ತಿ ದೂರ ಸರಿಯುವುದನ್ನು ಕಣ್ಣಿನಿಂದ ನೋಡಬೇಕು, ಏಕೆಂದರೆ ಅರ್ಧಕ್ಕೆ ನಿಲ್ಲುವ ಸ್ಪೂಲ್ ಕೂಡ ಸದ್ದು ಮಾಡುತ್ತದೆ. ಈ ಸೊಲೆನಾಯ್ಡ್‌ನ ಜಾಲರಿ ಬಿರುಕು ಬಿಟ್ಟಿದ್ದರಿಂದ ಅದನ್ನು ಉಳಿಸಿಕೊಳ್ಳುವ ಮಾತಿರಲಿಲ್ಲ. ಹೊಸದಕ್ಕೆ ಓ-ರಿಂಗ್ ಮೇಲೆ ಆಯಿಲ್ ಸವರಿ, ಒತ್ತಿ ಕೂರಿಸಿ, ಬೋಲ್ಟನ್ನು ಟಾರ್ಕ್ ರೆಂಚಿನಿಂದ ಬಿಗಿದೆ. ಇಂತಹ ಸಣ್ಣ ಬೋಲ್ಟುಗಳಿಗೆ 8ರಿಂದ 10 ನ್ಯೂಟನ್ ಮೀಟರ್ ಸಾಕು, ಅಲ್ಯೂಮಿನಿಯಂನ ಥ್ರೆಡ್ ಬಲು ಬೇಗ ಕಿತ್ತುಬರುತ್ತದೆ.

ಹೊಸ ಫಿಲ್ಟರ್, ಹೊಸ 5ಡಬ್ಲ್ಯೂ-30 ಹಾಕಿ, ಪ್ರೆಷರ್ ಸ್ವಿಚ್‌ನ ಜಾಗದಲ್ಲಿ ಗೇಜ್ ಕೂರಿಸಿ ಎಂಜಿನ್ ಬಿಸಿ ಮಾಡಿದೆ. ಐಡಲ್‌ನಲ್ಲಿ 1.1 ಬಾರ್, 3,000 ಆರ್‌ಪಿಎಂನಲ್ಲಿ 3.6 ಬಾರ್. ಕೋಡ್ ಅಳಿಸಿ ಮತ್ತೆ ಅದೇ ಮೂರು ಸಾಲುಗಳೊಂದಿಗೆ ಅದೇ ರೀತಿಯ ಓಟ: ಏರಿಸಿದಾಗ 30 ಡಿಗ್ರಿಗೆ ಹೋಯಿತು, ಬಿಟ್ಟಾಗ 0ಗೆ ಬಂತು, ಸ್ಥಿರ ವೇಗದಲ್ಲಿ ಬಯಕೆಗೂ ನಿಜಕ್ಕೂ ಒಂದೆರಡು ಡಿಗ್ರಿಗಿಂತ ಹೆಚ್ಚು ಅಂತರ ಕಾಣಲಿಲ್ಲ. ಕೋಡ್ ಅಳಿಸಿ ದೀಪ ಆರಿದೆ ಎಂದು ಕಾರು ಕೊಟ್ಟುಬಿಡುವುದು ಸರಿಯಲ್ಲ. ಈ ಬಗೆಯ ಕೋಡ್‌ಗಳಲ್ಲಿ ಅನೇಕವು ಸತತ ಎರಡು ಓಟಗಳಲ್ಲಿ ದೋಷ ಕಂಡರೆ ಮಾತ್ರ ದೀಪ ಹೊತ್ತಿಸುತ್ತವೆ, ಹಾಗಾಗಿ ಪೂರ್ತಿ ತಣಿದ ಎಂಜಿನ್‌ನಿಂದ ಮತ್ತೊಮ್ಮೆ ಓಡಿಸಿ ಪೆಂಡಿಂಗ್ ಕೋಡ್‌ಗಳ (ಇನ್ನೂ ದೀಪ ಹೊತ್ತಿಸದವುಗಳ) ಪುಟವನ್ನೂ ನೋಡಿದೆ. ಖಾಲಿಯಿತ್ತು.

ಇದೇ ಕ್ರಮವನ್ನು ಬೇರೆ ಕಾರಿಗೆ ಬಳಸುವವರು ಮೊದಲು ತಮ್ಮ ಎಂಜಿನ್‌ನ ವಿನ್ಯಾಸ ತಿಳಿದುಕೊಳ್ಳಬೇಕು. ಕೆಲವು ಎಂಜಿನ್‌ಗಳಲ್ಲಿ ಸ್ಪೂಲ್ ಇರುವುದು ಫೇಸರನ್ನು ಬಿಗಿಯುವ ನಡುವಿನ ಬೋಲ್ಟಿನೊಳಗೆ. ಹೊರಗೆ ಕಾಣುವ ಸೊಲೆನಾಯ್ಡ್ ಕೇವಲ ಒಂದು ಅಯಸ್ಕಾಂತ, ಅದನ್ನು ಬಿಚ್ಚಿ ನೋಡಿದರೆ ಸ್ಪೂಲಿನ ಸ್ಥಿತಿ ತಿಳಿಯದು, ಅದಕ್ಕೆ ತಟ್ಟಿದರೂ ಪ್ರಯೋಜನವಿಲ್ಲ. ಹೋಂಡಾದ ವಿಟೆಕ್‌ನಲ್ಲಿ ವಾಲ್ವ್‌ನ ಏರಿಕೆಯನ್ನು ಬದಲಿಸುವ ಸೊಲೆನಾಯ್ಡ್ ತೆರೆ ಅಥವಾ ಮುಚ್ಚು ಎಂಬ ಎರಡೇ ಸ್ಥಿತಿಯದು, ಅಲ್ಲಿ ಡ್ಯೂಟಿ ಹೋಲಿಸುವ ಪರೀಕ್ಷೆ ಹೊಂದುವುದಿಲ್ಲ. ಕ್ಯಾಮನ್ನು ವಿದ್ಯುತ್ ಮೋಟರ್‌ನಿಂದಲೇ ತಿರುಗಿಸುವ ಟೊಯೋಟಾದ ವಿವಿಟಿ-ಐಇಯಂತಹ ವ್ಯವಸ್ಥೆಗಳಲ್ಲಿ ಆ ಕ್ಯಾಮ್‌ನ ಕೋನಕ್ಕೆ ಆಯಿಲ್ ಕಂಟ್ರೋಲ್ ವಾಲ್ವೇ ಇಲ್ಲ.

ಹೆಡ್‌ನ ಒಳದಾರಿಗಳಲ್ಲಿ ಕಣ್ಣಿಗೆ ಕಾಣದ ಚೂರುಗಳು ಇನ್ನೂ ಉಳಿದಿರಬಹುದಾದ್ದರಿಂದ ಈ ಬಾರಿಯ ಆಯಿಲನ್ನು ನಿಗದಿತ ಅಂತರದ ಅರ್ಧಕ್ಕೇ ಬದಲಿಸಲು ಮಾಲೀಕರಿಗೆ ಹೇಳಿದ್ದೇನೆ. ಆಗ ಸೊಲೆನಾಯ್ಡನ್ನು ಹೊರತೆಗೆದು ಜಾಲರಿ ನೋಡುವುದು, ಹಳೆಯ ಫಿಲ್ಟರನ್ನು ಕತ್ತರಿಸಿ ಅದರ ಕಾಗದದ ಮಡಿಕೆಗಳಲ್ಲಿ ಬೂದು ಬಣ್ಣದ ಚೂರುಗಳಿವೆಯೇ ಎಂದು ಹುಡುಕುವುದು, ಈ ಎರಡು ಕೆಲಸ ಬಾಕಿ ಇವೆ.